ಅಕ್ಕನ ಚಿತ್ರ ಕೊಡುವುದಿಲ್ಲ

ಬೆಟಗೇರಿ
೧೧ ಜೂನ್ ೨೦೨೩

ಅನ್ನಪೂರ್ಣಿ,

ನೀನು ನನ್ನ ಫೋನು ಎತ್ತುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಅದಕ್ಕೇ ಕಾಗದ. ಇದನ್ನು ನೀನು ಹರಿದು ಹಾಕಬಹುದು. ಆದರೆ ಹರಿಯುವುದಕ್ಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕು.

ಗದಗ ಹೊಸ ಜಿಲ್ಲೆಯಾದ ವರ್ಷ ಲಕ್ಷ್ಮೇಶ್ವರದ ಹೈಸ್ಕೂಲಿನಿಂದ ಒಟ್ಟಿಗೆ ಹೊರಬಿದ್ದವರು ನಾವು. ನೀನು ಶಿರಹಟ್ಟಿಯಲ್ಲಿ ಟೀಚರಾದೆ, ನಾನು ಇಲ್ಲಿ ಸ್ಕ್ಯಾನಿಂಗ್ ನೋಡುವ ಡಾಕ್ಟರಾದೆ. ಆ ಸಲಿಗೆಯಿಂದ ಇನ್ನೂ 'ಅನ್ನಪೂರ್ಣಿ' ಎನ್ನುತ್ತಿದ್ದೇನೆ. ಬೇಡವಾದರೆ ಹೇಳು.

ನಮ್ಮ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ಶುರುವಾಗಿದೆ. ಹೆಂಗಸರ ಹೊಟ್ಟೆಯ ಸ್ಕ್ಯಾನಿಂಗ್ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸುತ್ತಾ ಹೋಗುವುದು. ಒಂದೊಂದು ಚಿತ್ರದ ಜೊತೆಗೂ ಕೊನೆಗೆ ಏನಾಯಿತೆಂದು ಹೇಳುವುದು: ಇದು ಬರೀ ನೀರುಗುಳ್ಳೆ, ಇದು ಅಂಡಾಶಯದ ಕ್ಯಾನ್ಸರ್. ನೋಡಿ ನೋಡಿ ಅದು ಗುರುತು ಹಿಡಿಯುವುದನ್ನು ಕಲಿಯುತ್ತದೆ. ಆಮೇಲೆ ಹೊಸ ಚಿತ್ರ ಕೊಟ್ಟರೆ ನೂರಕ್ಕೆ ಇಷ್ಟು ಅನುಮಾನ ಎಂದು ಒಂದು ಅಂಕಿ ಕೊಡುತ್ತದೆ.

ಅದಕ್ಕೆ ಹಳೆಯ ಚಿತ್ರಗಳು ಬೇಕು. ಅವುಗಳಲ್ಲಿ ಗದಿಗೆವ್ವಕ್ಕನದೂ ಇದೆ. ೨೦೧೮ರ ಫೆಬ್ರುವರಿಯಲ್ಲಿ ನಿನ್ನ ಅಕ್ಕ ಮುಂಡರಗಿಯಿಂದ ಬಂದು ನನ್ನೆದುರು ಮಲಗಿದ್ದಳಲ್ಲ, ಅಂದಿನದು. ಹೆಸರು ತೆಗೆದು ಬಳಸಿದರೆ ಯಾರನ್ನೂ ಕೇಳಬೇಕಾಗಿಲ್ಲ ಎಂದು ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿ ಹೇಳಿದೆ. ಆದರೂ ನಾನು ನಿನ್ನನ್ನು ಕೇಳುತ್ತಿದ್ದೇನೆ.

ಮೊನ್ನೆ ಆ ಚಿತ್ರವನ್ನು ಮತ್ತೆ ತೆಗೆದು ನೋಡಿದೆ. ಗುಳ್ಳೆಯ ಒಳಗೋಡೆಗೆ ಅಕ್ಕಿಕಾಳಿನಷ್ಟು ಒಂದು ಗಂಟು ಅಂಟಿಕೊಂಡಿದೆ. ಅದು ಅಂದೂ ಇತ್ತು. ಹೊರಗೆ ಅರವತ್ತು ಜನ ಕಾದಿದ್ದರು ಎಂದು ಹೇಳಬಹುದು, ಹೇಳುವುದಿಲ್ಲ. ನಾನು ಅದನ್ನು ನೋಡಲಿಲ್ಲ. 'ಸಾದಾ ಗುಳ್ಳೆ, ಆರು ತಿಂಗಳು ಬಿಟ್ಟು ಬರಬೇಕು' ಎಂದು ಬರೆದು ಸಹಿ ಹಾಕಿದೆ.

ಅಕ್ಕ ತೀರಿಹೋದ ದಿನ ಮುಂಡರಗಿಯ ಮನೆಯ ಬಾಗಿಲತನಕ ಬಂದು ಹಿಂತಿರುಗಿದೆ. ಅದೂ ನಿನಗೆ ಗೊತ್ತಿರಲಿ.

ಇಲ್ಲ ಎಂದರೆ ಇಲ್ಲ. ಒಂದು ಸಾಲು ಬರೆದರೆ ಸಾಕು.

ತಸ್ಲೀಮ


ಶಿರಹಟ್ಟಿ
೨ ಜುಲೈ ೨೦೨೩

ಡಾಕ್ಟರ್ ತಸ್ಲೀಮ ಅವರಿಗೆ,

ನಿಮ್ಮ ಕಾಗದ ತಲುಪಿತು. ಒಂದು ಸಾಲು ಸಾಕು ಎಂದಿದ್ದೀರಿ. ಅಕ್ಕನ ಚಿತ್ರ ಕೊಡುವುದಿಲ್ಲ. ಅದು ನಿಮ್ಮ ಸಾಲು. ಇನ್ನುಳಿದವು ನನ್ನವು.

ನನ್ನ ಅಕ್ಕ ತಿಂಗಳಿಗೊಮ್ಮೆ ಪರಕಾರದ ಲಾಡಿಯನ್ನು ಸಡಿಲ ಮಾಡಿಕೊಳ್ಳುತ್ತಿದ್ದಳು. ಅವಳ ಅತ್ತೆ "ಗ್ಯಾಸ್ ತುಂಬೇತಿ, ಓಂಕಾಳ ತಿನ್ನು" ಎನ್ನುತ್ತಿದ್ದಳು. ಯಾರಾದರೂ ಡಾಕ್ಟರಿಗೆ ತೋರಿಸು ಎಂದರೆ ಅಕ್ಕ ನಿಮ್ಮ ಚೀಟಿ ತೆಗೆದು ತೋರಿಸುತ್ತಿದ್ದಳು. "ತೋರ್ಸೇನಿ. ನಮ್ಮ ತಸ್ಲೀಮಾನ ನೋಡ್ಯಾಳ. ಏನೂ ಇಲ್ಲಂತ." ನಮ್ಮ ತಸ್ಲೀಮ. ಆ 'ನಮ್ಮ' ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಹದಿಮೂರು ತಿಂಗಳಾದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿ ಉಸಿರಾಡುವುದೇ ಕಷ್ಟವಾಯಿತು. ಹುಬ್ಬಳ್ಳಿಗೆ ಒಯ್ದೆವು. ಅಲ್ಲಿಯ ಡಾಕ್ಟರು ನಿಮ್ಮ ಚೀಟಿ ಓದಿ, ಮಡಚಿ, ನನ್ನ ಕೈಗೆ ಕೊಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅವಳ ಹೊಟ್ಟೆಯನ್ನು ಒಮ್ಮೆ ನೋಡಿ ನೀವು ಕಲಿಯಲಿಲ್ಲ. ಈಗ ಅದರಿಂದ ಯಂತ್ರ ಕಲಿಯಬೇಕೆ? ನಾಳೆ ಯಂತ್ರ ತಪ್ಪಿದರೆ ಅದು ಯಾರ ಬಾಗಿಲತನಕ ಬಂದು ಹಿಂತಿರುಗುತ್ತದೆ? ನಿಮಗಾದರೂ ಬಾಗಿಲು ಗೊತ್ತಿತ್ತು.

ಹೌದು, 'ಅನ್ನಪೂರ್ಣಿ' ಬೇಡ.

ಅನ್ನಪೂರ್ಣವ್ವ ಅಂದಾನಪ್ಪ ಹಳ್ಳಿಕೇರಿ
ಸಹಶಿಕ್ಷಕಿ


ಬೆಟಗೇರಿ
೨೩ ಜುಲೈ ೨೦೨೩

ಅನ್ನಪೂರ್ಣವ್ವ,

ಚಿತ್ರವನ್ನು ತೆಗೆದಿದ್ದೇನೆ. ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಕುಬೇರಪ್ಪ ಎಂದು. "ಯಾರೂ ಕೇಳ್ರಿ ಅಂದಿದ್ದಿಲ್ಲ. ನೀವಾಗೇ ಹೋಗಿ ಕೇಳಿ ಇಲ್ಲ ಅನ್ನಿಸಿಕೊಂಡ ಬಂದೀರಿ. ಎಂಥಾ ಹುಚ್ಚರ್ರೀ ನೀವು" ಎಂದರು. ಇದ್ದ ಸಾವಿರದಿನ್ನೂರು ಚಿತ್ರಗಳಲ್ಲಿ ಕ್ಯಾನ್ಸರಿನವು ಬರೀ ಅರವತ್ತೆಂಟು. ಈಗ ಅರವತ್ತೇಳು. ಇರಲಿ.

ಯಂತ್ರ ತಪ್ಪಿದರೆ ಎಂದು ನೀನು ಕೇಳಿದೆ. ಈಗಾಗಲೇ ತಪ್ಪಿದೆ, ಹೇಳುತ್ತೇನೆ ಕೇಳು.

ಶಿಗ್ಲಿಯಿಂದ ಹನಮಂತವ್ವ ಎಂಬ ಹೆಂಗಸು ಬಂದಿದ್ದಳು. ಮೂವತ್ತೊಂದು ವರ್ಷ, ಮಕ್ಕಳಾಗಿಲ್ಲ. ಹೊಟ್ಟೆಯಲ್ಲಿ ನೀರು, ಅಂಡಾಶಯದ ಹತ್ತಿರ ಗಡ್ಡೆ. ಯಂತ್ರ ನೂರಕ್ಕೆ ತೊಂಬತ್ತಮೂರು ಎಂದಿತು. ರಕ್ತಪರೀಕ್ಷೆಯೂ ಅದೇ ದಿಕ್ಕಿಗೆ ಬೆರಳು ಮಾಡಿತು. ನಮ್ಮಲ್ಲಿ ಕೆಲವರು ಎಲ್ಲವನ್ನೂ ತೆಗೆದುಬಿಡುವ ಮಾತಾಡಿದರು. ಆಕೆ ಮಂಚದಿಂದ ಎದ್ದು ಕೂತು, "ತಗದ ಒಗದ ಮ್ಯಾಲ ಕೂಸು ಬೇಕಂದ್ರ ಎಲ್ಲಿಂದ ತರ್ಲಿ? ನಾ ಸಹಿ ಮಾಡೂದಿಲ್ಲ. ಮತ್ತೊಮ್ಮೆ ನೋಡ್ರಿ" ಎಂದಳು. ಅವಳ ಹಟಕ್ಕೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ಕ್ಯಾನ್ಸರ್ ಅಲ್ಲ, ಹೊಟ್ಟೆಯ ಕ್ಷಯ. ಗುಳಿಗೆಯಿಂದ ವಾಸಿಯಾಗುವಂಥದು. ಈಗ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ.

ಯಾಕೆ ತಪ್ಪಿತು ಗೊತ್ತೆ? ಈ ಯಂತ್ರ ಇಲ್ಲಿಗೆ ಬರುವ ಮೊದಲು ದೂರದ ದೇಶಗಳ ಹೆಂಗಸರನ್ನು ನೋಡಿ ಕಲಿತದ್ದು. ಅಲ್ಲಿ ಹೊಟ್ಟೆಯ ಕ್ಷಯ ಅಪರೂಪ. ಶಿಗ್ಲಿ, ಮಾಗಡಿ, ಮುಂಡರಗಿಯ ಹೆಂಗಸರನ್ನು ಅದು ಕಂಡೇ ಇಲ್ಲ. ಕಾಣದ್ದನ್ನು 'ನನಗೆ ಗೊತ್ತಿಲ್ಲ' ಎನ್ನುವುದಕ್ಕೂ ಅದಕ್ಕೆ ಬರುವುದಿಲ್ಲ. ಆ ವಿಷಯದಲ್ಲಿ ಅದು ನನ್ನ ಹಾಗೆಯೇ.

ನಿನ್ನ ಮನಸ್ಸು ಬದಲಾಯಿಸಲು ಇದನ್ನು ಬರೆಯುತ್ತಿಲ್ಲ. ಕೇಳಿದೆಯಲ್ಲ, ಉತ್ತರ ಕೊಡಬೇಕಿತ್ತು.

ತಸ್ಲೀಮ


ಶಿರಹಟ್ಟಿ
೧೪ ಅಕ್ಟೋಬರ್ ೨೦೨೩

ಡಾಕ್ಟರ್ ಅವರಿಗೆ,

ಇದರ ಜೊತೆಗೆ ಒಂದು ಸ್ಕ್ಯಾನಿಂಗ್ ರಿಪೋರ್ಟು ಇಟ್ಟಿದ್ದೇನೆ. ಎರಡು ತಿಂಗಳಿಂದ ಅರ್ಧ ರೊಟ್ಟಿಗೇ ಹೊಟ್ಟೆ ತುಂಬುತ್ತದೆ. ಪಾಠ ಮಾಡುವಾಗ ಮೂರು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ. ಬೇರೆ ಊರಿನ ಒಂದು ಸೆಂಟರಿನಲ್ಲಿ ತೋರಿಸಿದೆ. ನಿಮ್ಮಲ್ಲಿಗೆ ಬರಬಾರದು ಎಂದೇ ಅಲ್ಲಿಗೆ ಹೋದೆ.

ಕೊನೆಯ ಸಾಲು ಓದಿರಿ. 'ಸಾದಾ ಗುಳ್ಳೆ. ಆರು ತಿಂಗಳ ನಂತರ ಮತ್ತೆ ನೋಡುವುದು.'

ನಿಮ್ಮವರೆಲ್ಲ ಒಂದೇ ಪುಸ್ತಕದಿಂದ ಈ ಸಾಲು ನಕಲು ಮಾಡುತ್ತೀರೇನು? ಇದರ ಅರ್ಥ ಏನು ಎಂದಷ್ಟೇ ತಿಳಿಸಿ.

ಅನ್ನಪೂರ್ಣವ್ವ


ಬೆಟಗೇರಿ
೧೭ ಅಕ್ಟೋಬರ್ ೨೦೨೩

ಇದರ ಅರ್ಥ ಕಾಗದದ ಮೇಲೆ ತಿಳಿಯುವಂಥದ್ದಲ್ಲ. ಆರು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಅಂಚೆಗೆ ಹಾಕಿದರೆ ತಡವಾದೀತೆಂದು ಶಿರಹಟ್ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾ. ನನ್ನ ಜೊತೆ ಮಾತಾಡಬೇಕೆಂದೇನಿಲ್ಲ. ಬಂದು ಮಲಗು.

ತಸ್ಲೀಮ


ಬೆಟಗೇರಿ
೨೨ ಅಕ್ಟೋಬರ್ ೨೦೨೩

ಅನ್ನಪೂರ್ಣವ್ವ,

ಗುರುವಾರ ನೀನು ಬಂದೆ, ಮಲಗಿದೆ, ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ನಾನು ಒಮ್ಮೆ ನೋಡಿ ನಿನ್ನನ್ನು ಹೊರಗೆ ಕೂರಿಸಿದೆ, ಮುಕ್ಕಾಲು ತಾಸಿನ ಮೇಲೆ ಮತ್ತೆ ಕರೆದೆ. "ಯಾಕ, ಮರತ್ರೇನು?" ಎಂದು ನೀನು ಕೇಳಿದೆ. ಆ ಮುಕ್ಕಾಲು ತಾಸಿನಲ್ಲಿ ಏನಾಯಿತೆಂದು ಈಗ ಬರೆಯುತ್ತೇನೆ.

ಮೊದಲ ಸಲ ನೋಡಿದಾಗ ನನಗೂ ಅದು ಸಾದಾ ಗುಳ್ಳೆಯಾಗಿಯೇ ಕಂಡಿತು. ಇದು ಖರೆ. ಎದುರು ಮಲಗಿದವಳು ನೀನು ಎನ್ನುವ ಅಂಜಿಕೆಯಿಂದ ಹಾಗೆ ಕಂಡಿತೋ, ಕಣ್ಣೇ ಅಷ್ಟೋ, ತಿಳಿಯದು. ಚಿತ್ರವನ್ನು ಯಂತ್ರಕ್ಕೆ ಕೊಟ್ಟೆ. ಎಪ್ಪತ್ತೊಂದು ಎಂದಿತು.

ಡಾಕ್ಟರ್ ಕುಬೇರಪ್ಪನವರನ್ನು ಕರೆದು ತೋರಿಸಿದೆ. ಅವರು ನಕ್ಕರು. "ಕ್ಷಯಕ್ಕ ತೊಂಬತ್ಮೂರು ಕೊಟ್ಟ ಮಷೀನ್ರೀ ಇದು. ಇನ್ನೂ ಕಲಿಯಾಕತ್ತೇತಿ. ಇದರ ಮಾತು ಕೇಳಿ ಒಬ್ಬಾಕಿ ಹೊಟ್ಟಿ ಕೊಯ್ಸತೀರೇನು? ಮತ್ತ ಸಂಶೋಧನೆಯೊಳಗಿನ ಅಂಕಿ ಪೇಶಂಟಿಗೆ ಹೇಳೂ ಹಂಗಿಲ್ಲ, ನೆನಪಿರ್ಲಿ."

"ಅಂಕಿ ಕೇಳಿ ಕೊಯ್ಸೂದಿಲ್ರಿ ಸರ್," ಎಂದೆ. "ಮತ್ತೊಮ್ಮೆ ನೋಡ್ತೀನಿ ಅಷ್ಟ."

ಅದಕ್ಕೇ ನಿನ್ನನ್ನು ಎರಡನೆಯ ಸಲ ಕರೆದದ್ದು. ಎಡಮಗ್ಗುಲಿಗೆ ಹೊರಳಿಸಿದೆ, ನೆನಪಿದೆಯೆ? ಆಗ ಗುಳ್ಳೆಯ ತಳದಲ್ಲಿ, ಹಿಂದಿನ ಗೋಡೆಗೆ, ಎರಡು ಸಣ್ಣ ಗಂಟು ಕಂಡವು. ಅವುಗಳೊಳಗೆ ರಕ್ತ ಓಡುತ್ತಿತ್ತು. ಒಬ್ಬಳನ್ನು ಒಂದೇ ಕಡೆಯಿಂದ ನೋಡಿ ಎದ್ದೇಳು ಎಂದರೆ ಅವು ಯಾರಿಗೂ ಕಾಣುವುದಿಲ್ಲ.

ರಿಪೋರ್ಟು ಬರೆದೆ. 'ಅನುಮಾನ ಬಲವಾಗಿದೆ. ತಡ ಮಾಡದೆ ಕ್ಯಾನ್ಸರ್ ಶಸ್ತ್ರವೈದ್ಯರಲ್ಲಿ ತೋರಿಸತಕ್ಕದ್ದು.' ಯಂತ್ರದ ಹೆಸರೆತ್ತಲಿಲ್ಲ. ಕುಬೇರಪ್ಪನವರು ಓದಿ, "ತಪ್ಪಾದ್ರ?" ಎಂದರು.

"ತಪ್ಪಾದ್ರ ಕೆಳಗ ನನ್ನ ಹೆಸರೈತ್ರಿ."

ಅಂಕಿಯನ್ನು ನಿನಗೆ ಹೇಳಿ ನಿಯಮ ಮುರಿದಿದ್ದೇನೆ. ವಿಚಾರಣೆ ಮಾಡಲಿ. ನಿನ್ನಿಂದ ಇನ್ನು ಯಾವುದನ್ನೂ ಮುಚ್ಚಿಡುವುದಿಲ್ಲ. ನನ್ನನ್ನೂ ನಂಬಬೇಡ, ಯಂತ್ರವನ್ನೂ ನಂಬಬೇಡ. ಹುಬ್ಬಳ್ಳಿಗೆ ಹೋಗು, ಅವರೂ ನೋಡಲಿ. ಆದರೆ ಈ ವಾರ ಹೋಗು.

ತಸ್ಲೀಮ


ಶಿರಹಟ್ಟಿ
೩ ಡಿಸೆಂಬರ್ ೨೦೨೩

ತಸ್ಲೀಮ,

ಇವತ್ತು ಮೊದಲ ಸಲ ಎದ್ದು ಕೂತು ಬರೆಯುತ್ತಿದ್ದೇನೆ. ಆಪರೇಶನ್ನಿನ ಹೊಲಿಗೆ ಇನ್ನೂ ಜಗ್ಗುತ್ತದೆ. ಅಕ್ಷರ ವಕ್ರವಾದರೆ ನಗಬೇಡ.

ಹುಬ್ಬಳ್ಳಿಗೆ ಹೋಗುವಾಗ ಮನೆಯಲ್ಲಿ ದೊಡ್ಡ ರಗಳೆಯಾಯಿತು. ನನ್ನ ಅತ್ತೆ ರಾಮವ್ವ ನಡುಮನೆಯಲ್ಲಿ ಕೂತು, "ಗರ್ಭಚೀಲ ತಗಸಿಕೊಂಡ ಹೆಂಗಸು ಮನಿಗೆ ಆಗೂದಿಲ್ಲ. ಮೊದಲ ಸೆಂಟರಿನಾವ ಏನೂ ಇಲ್ಲ ಅಂದಾನ, ಆ ಸಾಬರ ಹುಡುಗಿ ಮಾತಿಗೆ ಯಾಕ ಕುಣಿತೀರಿ? ಅಕ್ಕನ್ನ ಕೊಂದಾಕಿ ಅಲ್ಲೇನು ಆಕಿ?" ಎಂದರು.

ಇಷ್ಟು ವರ್ಷ ನಾನು ಹೇಳಿಕೊಂಡು ತಿರುಗಿದ ಮಾತೇ ಅದು. ಅವರ ಬಾಯಿಂದ ಕೇಳಿದಾಗ ಮೈ ಉರಿಯಿತು. "ಅತ್ತೀ, ಆಕಿ ಎರಡ ಸಲ ನೋಡ್ಯಾಳ. ಉಳಿದಾವ್ರು ಒಂದ ಸಲಾನೂ ನೆಟ್ಟಗ ನೋಡಿಲ್ಲ. ನನ್ನ ಹೊಟ್ಟಿ ನಂದು. ಮನಿಗೆ ಆಗ್ದಿದ್ರ ಶಾಲಿಗೆ ಆಗತೀನಿ" ಎಂದೆ. ನಮ್ಮ ಮನೆಯವರು, ಅಂದಾನಪ್ಪ, ಹೊರಗೆ ಹೋಗಿ ಗಾಡಿ ಹೇಳಿ ಬಂದು ಚೀಲ ಎತ್ತಿಕೊಂಡರು.

ಫಲಿತಾಂಶ ಬಂದಿದೆ. ಕ್ಯಾನ್ಸರ್ ಹೌದು. ಮೊದಲ ಹಂತ. ಒಂದೇ ಅಂಡಾಶಯದಲ್ಲಿತ್ತು, ಹೊರಗೆ ದಾಟಿಲ್ಲ. ಗಡ್ಡೆಯ ಜಾತಿ ಮಾತ್ರ ಕೆಟ್ಟದ್ದು ಎಂದು ಆರು ಸಲ ಕಿಮೋ ಬರೆದಿದ್ದಾರೆ. "ಆರು ತಿಂಗಳು ಕಾದಿದ್ದರೆ ಬೇರೆ ಮಾತಾಡಬೇಕಿತ್ತು" ಎಂದರು ಅಲ್ಲಿಯ ಡಾಕ್ಟರಮ್ಮ.

ಈಗ ನಾನು ಹೇಳಬೇಕಾದ್ದು ಒಂದಿದೆ. ಐದು ವರ್ಷ ಯಾರಿಗೂ ಹೇಳಿಲ್ಲ.

ನೀನು ಹೇಳಿದ ಆರು ತಿಂಗಳಾದಾಗ ಅಕ್ಕ ನನಗೆ ಫೋನು ಮಾಡಿದ್ದಳು. "ತಸ್ಲೀಮಾ ಮತ್ತ ಬಾ ಅಂದಿದ್ಲು. ಹೋಗಲೇನ? ನೀ ಜೋಡೀಲಿ ಬರ್ತೀಯೇನ?" ಆ ವಾರ ಶಾಲೆಯಲ್ಲಿ ಪ್ರತಿಭಾ ಕಾರಂಜಿ. ನಾನು, "ಏನೂ ಇಲ್ಲ ಅಂದಾಳಲ್ಲ, ಸುಮ್ನ ಒಂದ ದಿನಾ ಹಾಳು. ಮುಂದ ನೋಡೂಣು" ಎಂದೆ. ಅಕ್ಕ "ಆತು" ಎಂದಳು. ಅವಳು ಯಾವತ್ತೂ ಹಾಗೆಯೇ, ಆತು ಎಂದುಬಿಡುತ್ತಿದ್ದಳು.

ನಿನ್ನ ಮೇಲಿನ ಸಿಟ್ಟನ್ನು ಮೇಲೆ ಹಾಸಿ, ಇದನ್ನು ಕೆಳಗೆ ಇಟ್ಟು ಅದರ ಮೇಲೆ ಕೂತಿದ್ದೆ. ಇದರಿಂದ ನಿನ್ನ ತಪ್ಪು ಸಣ್ಣದಾಗುವುದಿಲ್ಲ. ನನ್ನದೂ ಆಗುವುದಿಲ್ಲ. ಎರಡೂ ಇದ್ದಷ್ಟೇ ದೊಡ್ಡವು.

ಅಕ್ಕನ ಚಿತ್ರವನ್ನು ತೆಗೆದುಕೋ. ನನ್ನದನ್ನೂ ತೆಗೆದುಕೋ. ಆದರೆ ಅಕ್ಕನದನ್ನು ಸುಮ್ಮನೆ ರಾಶಿಗೆ ಸೇರಿಸಬೇಡ. ಇದನ್ನು ಒಬ್ಬ ಡಾಕ್ಟರು ತಪ್ಪು ಓದಿದ್ದರು ಎಂದು ಅದರ ಜೊತೆಗೆ ಬರೆ. ಯಾರು ಓದಿದ್ದು ಎಂದು ನಿನ್ನವರ ಎದುರು ನಿಂತು ಹೇಳು. ಯಂತ್ರಕ್ಕಷ್ಟೇ ಕಲಿಸಿದರೆ ಸಾಲದು.

ಅನ್ನಪೂರ್ಣಿ


ಬೆಟಗೇರಿ
೨೧ ಜನವರಿ ೨೦೨೪

ಅನ್ನಪೂರ್ಣಿ,

ನಿನ್ನ ಕಾಗದ ಬಂದ ದಿನ ರೋಗಿಗಳನ್ನು ನೋಡುವುದು ಅರ್ಧ ತಾಸು ತಡವಾಯಿತು. ಯಾಕೆ ಎಂದು ಬರೆಯುವುದಿಲ್ಲ.

ಶುಕ್ರವಾರ ಸಂಶೋಧನೆಯ ಸಭೆ ಇತ್ತು. ನಲವತ್ತು ಡಾಕ್ಟರು. ಅಕ್ಕನ ಚಿತ್ರವನ್ನು ಪರದೆಯ ಮೇಲೆ ಹಾಕಿ, ಏನು ಕಾಣುತ್ತದೆ ಎಂದು ಕೇಳಿದೆ. ಹೆಚ್ಚಿನವರು ಸಾದಾ ಗುಳ್ಳೆ ಎಂದರು. "ನಾನೂ ಹಾಗೆಯೇ ಬರೆದಿದ್ದೆ. ಇವರು ಹದಿನೆಂಟು ತಿಂಗಳಲ್ಲಿ ತೀರಿಕೊಂಡರು" ಎಂದೆ. ಆಮೇಲೆ ಗಂಟನ್ನು ತೋರಿಸಿದೆ.

ಡಾಕ್ಟರ್ ಕುಬೇರಪ್ಪನವರು ಎದ್ದು, "ಇದು ತಪ್ಪೊಪ್ಪಿಗೆ ಮಾಡೂ ಜಾಗಾ ಅಲ್ರಿ" ಎಂದರು. "ಹಂಗಾರ ಯಾವ ಜಾಗಾದಾಗ ಮಾಡೂದ್ರಿ ಸರ್?" ಎಂದೆ. ಇಬ್ಬರು ಹೊರಗೆ ಹೋದರು. ಹಿಂದಿನ ಸಾಲಿನಲ್ಲಿ ನಿವೃತ್ತಿಗೆ ಬಂದ ಒಬ್ಬ ಡಾಕ್ಟರು ಕೂತಿದ್ದರು. ಅವರು ಎದ್ದು ನಿಂತು, "ನನ್ನವೂ ಮೂರದಾವ. ಬರಕೊಳ್ರಿ" ಎಂದರು. ಸಂಜೆಯ ಹೊತ್ತಿಗೆ ಹನ್ನೊಂದು ಚಿತ್ರ ಬಂದವು. ಎಲ್ಲವೂ ತಪ್ಪು ಓದಿದವು.

ಮರುದಿನ ಆಡಳಿತದವರು ಕರೆದು ಆಸ್ಪತ್ರೆಯ ಮರ್ಯಾದೆಯ ಮಾತಾಡಿದರು. ನಿನಗೆ ಅಂಕಿ ಹೇಳಿದ್ದನ್ನೂ ನಾನೇ ತಿಳಿಸಿದೆ, ಅದಕ್ಕೆ ಬೇರೆ ನೋಟಿಸು ಕೊಟ್ಟಿದ್ದಾರೆ. ಆ ತಪ್ಪು ಒಪ್ಪಿಕೊಂಡು ಉತ್ತರ ಬರೆದೆ. ಚಿತ್ರದ ಜೊತೆ ಬರೆದದ್ದನ್ನು ಮಾತ್ರ ಅಳಿಸುವುದಿಲ್ಲ ಎಂದು ಕೆಳಗೆ ಸೇರಿಸಿದೆ.

ಯಂತ್ರ ಈಗ ಕ್ಷಯವನ್ನು ಮೊದಲಿಗಿಂತ ಚೆನ್ನಾಗಿ ಬೇರೆ ಮಾಡುತ್ತದೆ. ಆದರೂ ತಪ್ಪುತ್ತದೆ. ಹೊಗಳಿ ಹೇಳಲಾರೆ. ನಮ್ಮ ಕಡೆಯ ಹೆಂಗಸರ ಚಿತ್ರಗಳು ಇನ್ನೂ ಬಹಳ ಬೇಕು. ಹಾಗೆಂದು ಊರಿಗೆ ಊರನ್ನೇ ಕರೆದು ತರಬೇಡ. ನೆಟ್ಟಗಿದ್ದವರನ್ನು ಸ್ಕ್ಯಾನಿಂಗ್ ಮಾಡಿ ಅಂಜಿಸುವುದು ಸರಿಯಲ್ಲ. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕೆನ್ನಿಸುವುದು, ಕಿಬ್ಬೊಟ್ಟೆ ನೋವು, ಮೇಲಿಂದ ಮೇಲೆ ಮೂತ್ರ. ಇವು ಹೊಸದಾಗಿ ಶುರುವಾಗಿ ಎರಡು ಮೂರು ವಾರವಾದರೂ ಹೋಗದಿದ್ದರೆ ಅಂಥವರು ಬರಲಿ.

ಎರಡನೆಯ ಕಿಮೋ ಹೇಗಾಯಿತು? ನಮ್ಮ ಅಮ್ಮ ದಿನಾ ಕೇಳುತ್ತಾಳೆ. ನಾನೂ ಕೇಳುತ್ತಿದ್ದೇನೆ.

ನಿನ್ನ
ತಸ್ಲೀಮ


ಶಿರಹಟ್ಟಿ
೧೧ ಫೆಬ್ರುವರಿ ೨೦೨೪

ತಸ್ಲೀಮಾ,

ಮೂರು ಮುಗಿದವು. ಬಾಯಿಗೆ ಕಬ್ಬಿಣದ ರುಚಿ. ಕೂದಲು ಪೂರಾ ಹೋಯಿತು.

ಡಾಕ್ಟರಮ್ಮ ವಾರಕ್ಕೆರಡು ದಿನ ಪಾಠ ಮಾಡಬಹುದು ಎಂದಿದ್ದಾರೆ. ರಜೆ ಮುರಿದು ಶಾಲೆಗೆ ಹೋದೆ. ಹೆಡ್‌ಮಾಸ್ತರರು ಬಾಗಿಲಲ್ಲೇ ನಿಲ್ಲಿಸಿ, "ಟೀಚರ್, ಮಕ್ಕಳು ಅಂಜತಾವು. ತಲಿ ಮ್ಯಾಲ ಸೆರಗರ ಹೊದ್ಕೊಳ್ರಿ" ಎಂದರು. "ಮಕ್ಕಳು ಅಂಜೂದಿಲ್ರಿ ಸರ್, ಕೇಳ್ತಾವು. ಕೇಳಿದ್ರ ನಾ ಹೇಳ್ತೀನಿ. ಅಂಜೂದು ದೊಡ್ಡಾವ್ರು" ಎಂದು ಒಳಗೆ ಹೋದೆ. ಮಕ್ಕಳು ಕೇಳಿದವು. ಹೇಳಿದೆ. ಆಮೇಲೆ ಭಾಗಾಕಾರ ಮಾಡಿದೆವು.

ಕಳೆದ ಭಾನುವಾರ ಇಲ್ಲೇ ಹತ್ತಿರದ ಮಾಗಡಿಗೆ ಹೋಗಿದ್ದೆ. ಮಾಸ್ಕು ಕಟ್ಟಿಕೊಂಡೇ ಹೋಗಿದ್ದೆ, ಬೈಯಬೇಡ. ಹೆಂಗಸರ ಸಂಘದವರು ಕೆರೆಯ ದಂಡೆಯಲ್ಲಿ ಸೇರಿದ್ದರು. ಈ ಸಲ ಕೆರೆಗೆ ವಲಸೆ ಹಕ್ಕಿ ಎಷ್ಟು ಬಂದಿವೆಯೆಂದರೆ ಅವುಗಳ ಗದ್ದಲ ಮೀರಿ ಕೂಗಿ ಮಾತಾಡಬೇಕಾಯಿತು. ನೀನು ಬರೆದ ಲಕ್ಷಣಗಳನ್ನು ಒಂದೊಂದಾಗಿ ಹೇಳಿದೆ. ಅಕ್ಕನ ಕಥೆ ಹೇಳಿದೆ, ನನ್ನ ಪಾಲಿನ ಮಾತನ್ನೂ ಸೇರಿಸಿ. ದಂಡೆಯ ಮೇಲಿದ್ದ ಒಬ್ಬ ಗೌಡರು, "ಇಂಥಾ ಹೊಲಸ ಮಾತು ಬಯಲಾಗ ಯಾಕ್ರಿ? ಮನಿಯೊಳಗ ಆಡ್ರಿ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಕರೆವ್ವ ಎಂಬ ಮುದುಕಿ ಎದ್ದಳು. ಅರವತ್ತರ ಮೇಲಿನ ವಯಸ್ಸು. "ಮನಿಯೊಳಗ ಆಡಿದ್ರ ಗ್ಯಾಸ್ ಅಂತೀರಿ. ಅದಕ್ಕ ಬಯಲಿಗೆ ಬಂದೇವಿ. ನೀ ಹುಟ್ಟಿದ್ದೂ ಇಂಥಾ ಹೊಟ್ಟಿಯೊಳಗ, ಹೊಲಸ ಅನ್ನಬ್ಯಾಡ" ಎಂದಳು. ಹೆಂಗಸರೆಲ್ಲ ನಕ್ಕರು. ಗೌಡರು ಹೊರಟುಹೋದರು.

ಆಮೇಲೆ ಕರೆವ್ವ ನನ್ನ ಹತ್ತಿರ ಬಂದು ದನಿ ತಗ್ಗಿಸಿದಳು. ತಿಂಗಳಾಯಿತಂತೆ, ಊಟ ಸೇರುತ್ತಿಲ್ಲ, ಹೊಟ್ಟೆ ಕಲ್ಲಿನ ಹಾಗೆ ಬಿಗಿದಿದೆ. "ಆ ಮಷೀನು ನನ್ನ ಹೆಸರ ಎಲ್ಲಾರಿಗೂ ಹೇಳ್ತದೇನವಾ?" ಎಂದು ಕೇಳಿದಳು. ಇಲ್ಲ, ಹೆಸರು ತೆಗೆದಿಡುತ್ತಾರೆ ಎಂದೆ. "ಹೇಳಿದ್ರ ಹೇಳ್ವಲ್ದ್ಯಾಕ. ನಾಕ ಹಡದ ಹೊಟ್ಟಿ ಇದು, ಯಾರಿಗ್ಯಾಕ ನಾಚಲಿ?" ಎಂದಳು.

ಬುಧವಾರ ಏಳೂವರೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಬರುತ್ತಿದ್ದೇನೆ. ಮೊದಲು ನೀನು ನೋಡು. ಆಮೇಲೆ ಅದು ನೋಡಲಿ. ಇಬ್ಬರ ಮಾತೂ ಕೂಡದಿದ್ದರೆ ಜಗಳವಾಡಿರಿ, ಮತ್ತೆ ನೋಡಿರಿ. ಎಷ್ಟು ಹೊತ್ತಾದರೂ ಆಗಲಿ. ನಾವಿಬ್ಬರೂ ಹೊರಗೆ ಬುತ್ತಿ ಬಿಚ್ಚಿಕೊಂಡು ಕೂತಿರುತ್ತೇವೆ, ಎದ್ದು ಹೋಗುವುದಿಲ್ಲ.

ನಿನ್ನ
ಅನ್ನಪೂರ್ಣಿ